ಸಹಕಾರ ಸಂಘದ ಗಣಕೀಕರಣ ಮತ್ತು ಕಚೇರಿಯೊಳಗಿನ ತಿಕ್ಕಾಟ: ಕೊಡಗಿನ ಸಂಘಗಳಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಕೊಡಗಿನ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳ ಲೆಕ್ಕಪತ್ರ ಪುಸ್ತಕದಿಂದ ಕಂಪ್ಯೂಟರಿಗೆ ಹೋಗುವ ಈ ಕಾಲದಲ್ಲಿ, ಸಿಬ್ಬಂದಿಗೂ ಆಡಳಿತ ಮಂಡಳಿಗೂ ನಡುವೆ ನಿಂತು ತರಬೇತಿ ಕೊಡುವುದು ನನ್ನ ಕೆಲಸ. ತಂತ್ರಾಂಶದ ಬಗೆಗಿನ ಪ್ರಶ್ನೆಗಳಿಗೆ ಕೈಪಿಡಿಯಲ್ಲಿ ಉತ್ತರ ಸಿಗುತ್ತದೆ. ಮನುಷ್ಯರ ನಡುವೆ ಏಳುವ ಪ್ರಶ್ನೆಗಳಿಗೆ ಅಲ್ಲಿ ಜಾಗವಿಲ್ಲ. ತರಬೇತಿ ಮುಗಿದು ಕಾಫಿ ಕುಡಿಯುವ ಹೊತ್ತಿಗೆ ಒಬ್ಬೊಬ್ಬರಾಗಿ ಹತ್ತಿರ ಬಂದು, ದನಿ ತಗ್ಗಿಸಿ ಕೇಳುವ ಆ ಪ್ರಶ್ನೆಗಳನ್ನೇ ಇಲ್ಲಿ ಒಟ್ಟುಗೂಡಿಸಿದ್ದೇನೆ.

ಪುಸ್ತಕದ ಲೆಕ್ಕ ಕಂಪ್ಯೂಟರಿಗೆ ಹೋಗುತ್ತದೆ, ಅಷ್ಟೇ ತಾನೇ? ಇದರಲ್ಲಿ ಮನಸ್ತಾಪಕ್ಕೆ ಏನು ಕಾರಣ?

ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಗಣಕೀಕರಿಸುವ ಯೋಜನೆಗೆ ಕೇಂದ್ರ ಸಚಿವ ಸಂಪುಟವು 2022ರ ಜೂನ್ 29ರಂದು ಒಪ್ಪಿಗೆ ಕೊಟ್ಟಿತು. ಆಗ ನಿಗದಿಯಾದ ಒಟ್ಟು ವೆಚ್ಚ 2,516 ಕೋಟಿ ರೂಪಾಯಿ. ಅನುಷ್ಠಾನದಲ್ಲಿ ಮುಖ್ಯ ಪಾತ್ರ ರಾಷ್ಟ್ರೀಯ ಕೃಷಿ ಮತ್ತು ಗ್ರಾಮೀಣಾಭಿವೃದ್ಧಿ ಬ್ಯಾಂಕಾದ ನಬಾರ್ಡ್‌ನದು. ಕಂಪ್ಯೂಟರ್, ತಂತ್ರಾಂಶ, ಹಳೆಯ ದಾಖಲೆ ತುಂಬುವಿಕೆ, ತರಬೇತಿ ಎಲ್ಲಕ್ಕೂ ಅದರಲ್ಲಿ ಬಾಬ್ತು ಇದೆ. ಆದರೆ ಸಂಘದೊಳಗೆ ಇಷ್ಟು ದಿನ ಯಾರ ಮಾತು ನಡೆಯುತ್ತಿತ್ತು, ಇನ್ನು ಮುಂದೆ ಯಾರ ಮಾತು ನಡೆಯುತ್ತದೆ ಎಂಬುದನ್ನು ಕುಳಿತು ಮಾತಾಡಿಕೊಳ್ಳುವುದಕ್ಕೆ ಯಾವ ಯೋಜನೆಯಲ್ಲೂ ಬಾಬ್ತು ಇರುವುದಿಲ್ಲ. ಅದನ್ನು ನಾವೇ ಮಾಡಿಕೊಳ್ಳಬೇಕು.

ನಿನ್ನೆಯವರೆಗೆ ಒಬ್ಬ ಸದಸ್ಯರ ಬಾಕಿ ಎಷ್ಟೆಂದು ಹೇಳಬಲ್ಲವರು ಲೆಡ್ಜರ್ ಬರೆಯುವ ಗುಮಾಸ್ತರು ಮಾತ್ರ. ಅಧ್ಯಕ್ಷರಿಗೂ ಅವರನ್ನು ಕೇಳದೆ ಗತ್ಯಂತರವಿರಲಿಲ್ಲ. ಗಣಕೀಕರಣವಾದ ಮೇಲೆ ಲಾಗಿನ್ ಇರುವ ಪ್ರತಿಯೊಬ್ಬರೂ ಅದನ್ನು ನೋಡಬಹುದು, ಸಾಲ ಕೊಟ್ಟ ಜಿಲ್ಲಾ ಬ್ಯಾಂಕಿಗೂ ಅದು ಕಾಣಬಹುದು. ಲೆಕ್ಕ ಒಂದು ಕೈಯಿಂದ ಇನ್ನೊಂದು ಕೈಗೆ ದಾಟುವಾಗ ಅದರ ಜೊತೆಗೆ ಗೌರವ, ಅಧಿಕಾರ, ಹೊಣೆ ಮೂರೂ ದಾಟುತ್ತವೆ. ನಾನು ಕಂಡ ತಿಕ್ಕಾಟಗಳಲ್ಲಿ ಹೆಚ್ಚಿನವು ಹುಟ್ಟಿದ್ದು ಇಲ್ಲಿಂದ. ಯಂತ್ರದ ಭಯದಿಂದ ಹುಟ್ಟಿದ್ದು ಬಹಳ ಕಡಿಮೆ.

ಹಿರಿಯ ಗುಮಾಸ್ತರು ಪ್ರತಿಯೊಂದಕ್ಕೂ ಅಡ್ಡ ಮಾತಾಡುತ್ತಾರೆ. ವಯಸ್ಸಾದವರಿಗೆ ಇದು ಒಗ್ಗುವುದಿಲ್ಲವೆಂದು ಅವರನ್ನು ಬಿಟ್ಟು ಮುಂದೆ ಹೋಗಬಹುದೇ?

ಹೋಗಬಾರದು. ಅವರ ಅಡ್ಡ ಮಾತಿನೊಳಗೆ, ಯೋಜನೆ ರೂಪಿಸಿದವರಿಗೆ ಗೊತ್ತೇ ಇಲ್ಲದ ಸಂಗತಿಯೊಂದು ಬಹಳ ಸಲ ಇರುತ್ತದೆ.

ದಕ್ಷಿಣ ಕೊಡಗಿನ ಒಂದು ಸಂಘದಲ್ಲಿ ಸದಸ್ಯರ ಹೆಸರು ತುಂಬುವ ಕೆಲಸ ನಡೆದಿತ್ತು. ತಂತ್ರಾಂಶದಲ್ಲಿ ಮೊದಲ ಹೆಸರಿಗೊಂದು ಚೌಕ, ಕೊನೆಯ ಹೆಸರಿಗೊಂದು ಚೌಕ. ನಮ್ಮಲ್ಲಿ ಒಕ್ಕದ, ಅಂದರೆ ಮನೆತನದ, ಹೆಸರು ಮುಂದೆ ಬರುತ್ತದೆ, ವ್ಯಕ್ತಿಯ ಹೆಸರು ಅದರ ಹಿಂದೆ. ದಾಖಲೆ ತುಂಬಲು ಬಂದಿದ್ದ ಹುಡುಗಿ ಒಂದು ಪುಟದಲ್ಲಿ ಹೀಗೆ, ಇನ್ನೊಂದು ಪುಟದಲ್ಲಿ ಹಾಗೆ ತುಂಬಿದ್ದಳು. ಒಂದೇ ಒಕ್ಕದಲ್ಲಿ ಒಂದೇ ಹೆಸರಿನ ಮೂವರಿದ್ದರು. ಪರದೆಯ ಮೇಲೆ ಮೂವರೂ ಸೇರಿ ಒಬ್ಬರಾಗಿ, ಮೂರು ಬೆಳೆ ಸಾಲವೂ ಆ ಒಬ್ಬರ ತಲೆಯ ಮೇಲೆ ಕುಳಿತಿತ್ತು. ಹಿಂದೆ ನಿಂತು ನೋಡುತ್ತಿದ್ದ ಗುಮಾಸ್ತರು, "ನೋಡಮ್ಮ, ಇವರು ಮೇಲ್ಮನೆಯವರು, ಇವರು ಹೊಳೆಕರೆಯವರು, ಇನ್ನೊಬ್ಬರು ಮಿಲಿಟರಿಯಿಂದ ನಿವೃತ್ತರಾಗಿ ಬಂದವರು" ಎಂದು ಹೇಳಿ, ತಮ್ಮ ಲೆಡ್ಜರನ್ನು ತಂದು ಬಿಡಿಸಿಟ್ಟರು. ಪ್ರತಿ ಪುಟದ ಅಂಚಿನಲ್ಲಿ ಪೆನ್ಸಿಲಿನ ಸಣ್ಣಕ್ಷರದಲ್ಲಿ ಗುರುತುಗಳಿದ್ದವು: "ಹೊಳೆಕರೆ", "ಕಾಫಿ ಮಾರಿ ಫೆಬ್ರವರಿಯಲ್ಲಿ ಕಟ್ಟುತ್ತಾರೆ", "ಜಾಮೀನುದಾರರು ತೀರಿಕೊಂಡರು, ಬೇರೆಯವರ ಸಹಿ ಆಗಬೇಕು". ಈ ಮೂರನೆಯ ಗುರುತು ಸಂಘದ ಹಣಕ್ಕೆ ನೇರವಾಗಿ ಸಂಬಂಧಪಟ್ಟದ್ದು. ಅದು ತಂತ್ರಾಂಶದ ಯಾವ ಚೌಕಕ್ಕೂ ಹೋಗಿರಲಿಲ್ಲ.

ಆ ದಿನದಿಂದ ತುಂಬಿದ ಪ್ರತಿ ಹೆಸರನ್ನೂ ಗುಮಾಸ್ತರು ನೋಡಿ ಸಹಿ ಹಾಕಿದ ಮೇಲೆಯೇ ಅಂತಿಮಗೊಳಿಸಬೇಕೆಂದು ಕಾರ್ಯದರ್ಶಿಯವರು ಆದೇಶ ಮಾಡಿದರು. ಗುಮಾಸ್ತರ ಅಸಮಾಧಾನ ಅಂದೇ ಕರಗಿಹೋಯಿತೆಂದು ನಾನು ಹೇಳಲಾರೆ. ಆದರೆ "ಇದು ಬೇಡ" ಎಂಬ ಮಾತು ನಿಂತು, "ಇದು ಹೀಗಲ್ಲ, ಹೀಗಿರಬೇಕು" ಎಂಬ ಮಾತು ಶುರುವಾಯಿತು. ಆಡಳಿತ ಮಂಡಳಿಗೆ ಬೇಕಾದದ್ದು ಆ ಎರಡನೆಯ ಮಾತು.

ಇನ್ನು ಕೆಲವರಿಗೆ ನಿಜವಾಗಿಯೂ ಕಷ್ಟವಾಗುವುದು ಕೀಬೋರ್ಡ್ ಮತ್ತು ಕಣ್ಣು. ಪರದೆಯ ಅಕ್ಷರ ದೊಡ್ಡದು ಮಾಡಿ ಕೊಡಿ. ನಿನ್ನೆ ಮೊನ್ನೆ ಸೇರಿದ ಕಿರಿಯರ ಎದುರಿಗೆ ಅವರನ್ನು ವಿದ್ಯಾರ್ಥಿಯಂತೆ ಕೂರಿಸಬೇಡಿ. ಪಕ್ಕದ ಸಂಘದಲ್ಲಿ ಅದೇ ವಯಸ್ಸಿನವರೊಬ್ಬರು ಈಗಾಗಲೇ ಕಲಿತಿದ್ದರೆ, ಅವರನ್ನು ಎರಡು ದಿನ ಕರೆಸಿಕೊಳ್ಳುವುದು ನಾನು ಹತ್ತು ದಿನ ಕೊಡುವ ತರಬೇತಿಗಿಂತ ಉಪಯುಕ್ತ.

ಗಣಕೀಕರಣವಾದರೆ ನಮ್ಮಲ್ಲಿ ಯಾರ ಕೆಲಸವಾದರೂ ಹೋಗುತ್ತದೆಯೇ?

ಈ ಪ್ರಶ್ನೆಗೆ ಸಮಾಧಾನದ ಮಾತು ಸಾಲದು, ಠರಾವು ಬೇಕು. 1980ರ ದಶಕದಲ್ಲಿ ಬ್ಯಾಂಕುಗಳಿಗೆ ಕಂಪ್ಯೂಟರ್ ಬರುವಾಗ ನೌಕರರ ಸಂಘಟನೆಗಳು ಬಲವಾಗಿ ವಿರೋಧಿಸಿದವು. ಬ್ಯಾಂಕುಗಳ ಒಕ್ಕೂಟಕ್ಕೂ ನೌಕರರ ಸಂಘಟನೆಗಳಿಗೂ ನಡುವೆ 1983ರಲ್ಲಿ ಯಾಂತ್ರೀಕರಣದ ಬಗ್ಗೆ ಲಿಖಿತ ಒಪ್ಪಂದವಾದ ಮೇಲೆಯೇ ಕೆಲಸ ಮುಂದೆ ಸಾಗಿತು. ಅಷ್ಟು ದೊಡ್ಡ ಸಂಸ್ಥೆಗಳಿಗೇ ಬರಹದ ಭರವಸೆ ಬೇಕಾಗಿತ್ತು ಎಂಬುದನ್ನು ಐದಾರು ಸಿಬ್ಬಂದಿಯ ಸಂಘವೂ ನೆನಪಿಡಬೇಕು.

ನಮ್ಮ ಸಂಘಗಳಲ್ಲಿ ಕಾಯಂ ಸಿಬ್ಬಂದಿಯ ಸಂಖ್ಯೆ ಮೊದಲೇ ಕಡಿಮೆ. ಆತಂಕ ಪಡಬೇಕಾದವರು ಬೇರೆ ಇದ್ದಾರೆ: ಮನೆ ಮನೆಯಿಂದ ದಿನದ ಸಣ್ಣ ಉಳಿತಾಯ ಒಟ್ಟುಮಾಡಿ, ಕಮಿಷನ್ ಮೇಲೆ ದುಡಿಯುವ ಪಿಗ್ಮಿ ಸಂಗ್ರಾಹಕರು. ಸದಸ್ಯರು ಮೊಬೈಲಿನಿಂದಲೇ ಹಣ ಕಟ್ಟತೊಡಗಿದರೆ ಇವರ ಕಮಿಷನ್ ಇಳಿಯುತ್ತದೆ. ಅವರು ಸಿಬ್ಬಂದಿ ಪಟ್ಟಿಯಲ್ಲಿ ಇಲ್ಲದ ಕಾರಣ ಸಭೆಗೆ ಯಾರೂ ಕರೆಯುವುದಿಲ್ಲ. ಆದರೆ ಮನೆ ಮನೆಗೆ ಹೋಗುವವರು ಅವರು, ಸಂಘದ ಬಗ್ಗೆ ಊರಿನಲ್ಲಿ ಮಾತು ಹರಡುವುದೂ ಅವರ ಮೂಲಕ. ಅವರನ್ನು ಮೊದಲ ಸಭೆಗೇ ಕರೆಯಿರಿ. ಮೊದಲ ವರ್ಷಕ್ಕೆ ಕನಿಷ್ಠ ಕಮಿಷನ್ ನಿಗದಿಪಡಿಸಿ, ಹಿರಿಯ ಸದಸ್ಯರಿಗೆ ಮೊಬೈಲ್ ಸೇವೆ ಕಲಿಸಿಕೊಡುವ ಕೆಲಸವನ್ನು ಅವರಿಗೆ ವಹಿಸಬಹುದು.

ಪುಸ್ತಕದ ಲೆಕ್ಕವೂ ಕಂಪ್ಯೂಟರಿನ ಲೆಕ್ಕವೂ ತಾಳೆಯಾಗುತ್ತಿಲ್ಲ. ಯಾವುದನ್ನು ನಂಬಬೇಕು?

ಎರಡನ್ನೂ ನಂಬಬೇಡಿ, ವೋಚರ್ ಮತ್ತು ರಸೀದಿ ತೆಗೆದು ನೋಡಿ. ಅದಕ್ಕೂ ಮುಂಚೆ, ಈ ಪ್ರಶ್ನೆಯಲ್ಲಿ ಅಡಗಿರುವ ಅಪಾಯವನ್ನು ವಿವರವಾಗಿ ಹೇಳಬೇಕಾಗಿದೆ.

ಬ್ರಿಟನ್ನಿನ ಅಂಚೆ ಇಲಾಖೆಯ ಶಾಖೆಗಳಿಗೆ 1999ರಿಂದ ಹೊರೈಜನ್ ಎಂಬ ಲೆಕ್ಕಪತ್ರ ತಂತ್ರಾಂಶ ಬಂತು. ಊರಿನ ಸಣ್ಣ ಅಂಚೆ ಕಚೇರಿ ನಡೆಸುವವರ ಲೆಕ್ಕದಲ್ಲಿ ಕಾರಣವಿಲ್ಲದೆ ಹಣ ಕಡಿಮೆ ಬೀಳತೊಡಗಿತು. ಕಂಪ್ಯೂಟರ್ ತಪ್ಪು ಮಾಡಲಾರದು, ಆದ್ದರಿಂದ ಹಣ ಕದ್ದವರು ನೀವೇ ಎಂದು ಇಲಾಖೆ ವಾದಿಸಿತು. ಸಹಾಯವಾಣಿಗೆ ಕರೆ ಮಾಡಿದವರಲ್ಲಿ ಎಷ್ಟೋ ಮಂದಿಗೆ, ಇಂಥ ತೊಂದರೆ ನಿಮಗೊಬ್ಬರಿಗೇ ಆಗುತ್ತಿರುವುದು ಎಂಬ ಉತ್ತರ ಸಿಕ್ಕಿತು. 1999ರಿಂದ 2015ರ ನಡುವೆ 900ಕ್ಕೂ ಹೆಚ್ಚು ಮಂದಿ ಕಳ್ಳತನ, ಸುಳ್ಳು ಲೆಕ್ಕದ ಆರೋಪದಲ್ಲಿ ಶಿಕ್ಷೆಗೆ ಗುರಿಯಾದರು. ಕೆಲವರು ಜೈಲಿಗೂ ಹೋದರು. ತಂತ್ರಾಂಶದಲ್ಲಿ ದೋಷಗಳಿದ್ದವೆಂದು ಅಲ್ಲಿನ ಹೈಕೋರ್ಟ್ ಹೇಳಿದ್ದು 2019ರಲ್ಲಿ. ಶಿಕ್ಷೆಗಳನ್ನು ಸಾಮೂಹಿಕವಾಗಿ ರದ್ದುಪಡಿಸಲು ಸಂಸತ್ತು ಕಾನೂನು ಮಾಡಿದ್ದು 2024ರಲ್ಲಿ.

ಸಂಜೆ ಕೌಂಟರ್ ಮುಚ್ಚುವಾಗ ಪರದೆಯ ಮೊತ್ತಕ್ಕೂ ಪೆಟ್ಟಿಗೆಯ ನಗದಿಗೂ 400 ರೂಪಾಯಿ ವ್ಯತ್ಯಾಸ ಬಂದಾಗ, ನಗದು ಗುಮಾಸ್ತರು ಸುಮ್ಮನೆ ತಮ್ಮ ಜೇಬಿನಿಂದ ಹಾಕಿ ಮನೆಗೆ ಹೋಗುವುದನ್ನು ನಾನು ಒಂದಕ್ಕಿಂತ ಹೆಚ್ಚು ಕಡೆ ಕಂಡಿದ್ದೇನೆ. ಅವರಿಗೆ ಅದು ಮರ್ಯಾದೆಯ ಪ್ರಶ್ನೆ. ಆದರೆ ಹಾಗೆ ಹಾಕಿದ ಹಣ ತಂತ್ರಾಂಶದ ತಪ್ಪನ್ನು ಮುಚ್ಚಿಹಾಕುತ್ತದೆ, ಆ ತಪ್ಪು ಮರುದಿನವೂ ಬರುತ್ತದೆ. ಆದ್ದರಿಂದ ವ್ಯತ್ಯಾಸದ ವಹಿ ಎಂದು ಒಂದು ನೋಟ್ ಪುಸ್ತಕ ಇಡಿ. ದಿನಾಂಕ, ಮೊತ್ತ, ಯಾವ ವ್ಯವಹಾರದಲ್ಲಿ ಅನುಮಾನ ಎಂಬುದನ್ನು ಬರೆದು ಇಬ್ಬರು ಸಹಿ ಹಾಕಲಿ. ಮೊದಲ ಆರು ತಿಂಗಳು ಯಾವ ವ್ಯತ್ಯಾಸಕ್ಕೂ ವಿಚಾರಣೆಯಿಲ್ಲದೆ ಸಿಬ್ಬಂದಿಯಿಂದ ವಸೂಲಿ ಮಾಡುವುದಿಲ್ಲವೆಂದು ಆಡಳಿತ ಮಂಡಳಿ ಠರಾವು ಮಾಡಲಿ. ಈ ಪುಟದಲ್ಲಿ ನಾನು ಹೇಳುತ್ತಿರುವುದರಲ್ಲಿ ಒಂದನ್ನೇ ಪಾಲಿಸಲು ಸಾಧ್ಯವೆಂದರೆ, ಇದನ್ನು ಪಾಲಿಸಿ ಎಂದು ಕೇಳಿಕೊಳ್ಳುತ್ತೇನೆ.

ಪುಸ್ತಕದಲ್ಲಿ ಹಳೆಯ ತಪ್ಪು ಇರುವುದೂ ಉಂಟು. ಹದಿನೈದು ವರ್ಷದ ಹಿಂದೆ ಮುಂದಿನ ಪುಟಕ್ಕೆ ಮೊತ್ತ ಎತ್ತಿ ಬರೆಯುವಾಗ ಅಂಕಿ ಅದಲುಬದಲಾಗಿದ್ದರೆ ಅದು ಈಗ ಹೊರಬರುತ್ತದೆ. ಹಾಗೆ ಹೊರಬಂದದ್ದನ್ನು ಸಾಮಾನ್ಯ ತಪ್ಪೋ ದುರುಪಯೋಗವೋ ಎಂದು ನಿರ್ಧರಿಸುವುದು ಲೆಕ್ಕ ಪರಿಶೋಧಕರ ಕೆಲಸ. ಚಹಾ ಅಂಗಡಿಯಲ್ಲಿ ಆಗುವ ತೀರ್ಮಾನವಾಗಬಾರದು.

ಪುಸ್ತಕ ಮತ್ತು ಕಂಪ್ಯೂಟರ್ ಎರಡನ್ನೂ ಒಟ್ಟಿಗೆ ಎಷ್ಟು ಕಾಲ ಬರೆಯಬೇಕು? ಸಿಬ್ಬಂದಿ ದಣಿದಿದ್ದಾರೆ.

ಮೂರು ತಿಂಗಳು ಸಾಕು, ಪ್ರತಿ ತಿಂಗಳ ಕೊನೆಗೂ ಎರಡೂ ತಾಳೆಯಾಗುತ್ತಿದ್ದರೆ. ಒಮ್ಮೆಗೇ ಜಿಗಿಯುವುದು ಎಷ್ಟು ಅಪಾಯವೆಂಬುದಕ್ಕೆ 2018ರ ಏಪ್ರಿಲಿನಲ್ಲಿ ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕ್ ತನ್ನ ಖಾತೆಗಳನ್ನು ಒಂದು ವಾರಾಂತ್ಯದಲ್ಲಿ ಹೊಸ ವ್ಯವಸ್ಥೆಗೆ ಸಾಗಿಸಿ, ಲಕ್ಷಾಂತರ ಗ್ರಾಹಕರು ತಮ್ಮ ಖಾತೆಯನ್ನೇ ತೆರೆಯಲಾಗದಂತಾದ ಪ್ರಕರಣವನ್ನು ನೋಡಬಹುದು.

ಆದರೆ ಎರಡೆರಡು ಸಲ ಬರೆಯುವ ಆ ಮೂರು ತಿಂಗಳೇ ಕಚೇರಿಯೊಳಗಿನ ಬಹುಪಾಲು ಜಗಳಗಳ ಕಾಲ. ಹಗಲಿಡೀ ರಿಜಿಸ್ಟರ್ ಬರೆದ ಗುಮಾಸ್ತರು ಸಂಜೆ ಅದನ್ನೇ ಕಂಪ್ಯೂಟರಿಗೆ ತುಂಬಲು ಕುಳಿತರೆ ಊರಿಗೆ ಹೋಗುವ ಕೊನೆಯ ಬಸ್ಸು ತಪ್ಪುತ್ತದೆ. ಮಹಿಳಾ ಸಿಬ್ಬಂದಿಗೆ ಇದು ಇನ್ನೂ ದೊಡ್ಡ ತೊಂದರೆ. ಆ ಅವಧಿಯಲ್ಲಿ ಕೌಂಟರ್ ವೇಳೆಯನ್ನು ಮಧ್ಯಾಹ್ನ ಎರಡಕ್ಕೆ ಮುಗಿಸಿ, ಅದನ್ನು ಬಾಗಿಲಲ್ಲೇ ಬರೆದು ಹಾಕಿ. ಹೆಚ್ಚಿನ ಕೆಲಸಕ್ಕೆ ಭತ್ಯೆ ಕೊಡಿ. ಪುಸ್ತಕ ನಿಲ್ಲಿಸುವ ದಿನಾಂಕವನ್ನು ಮೊದಲೇ ಗೊತ್ತುಮಾಡಿ. ಗೊತ್ತುಮಾಡದ ಒಂದು ಸಂಘದಲ್ಲಿ ಎರಡು ವರ್ಷದ ಮೇಲೂ ಎರಡನ್ನೂ ಬರೆಯುತ್ತಿದ್ದರು, ಎರಡೂ ಅರೆಬರೆಯಾಗಿದ್ದವು.

ವರ್ಷದ ಯಾವ ತಿಂಗಳಲ್ಲಿ ಬದಲಾವಣೆ ಮಾಡುವುದು ಒಳ್ಳೆಯದು?

ಏಪ್ರಿಲ್. ಮಾರ್ಚ್ ಸಾಲ ಮರುಪಾವತಿ ಮತ್ತು ನವೀಕರಣದ ತಿಂಗಳು. ನವೆಂಬರಿನಿಂದ ಫೆಬ್ರವರಿಯವರೆಗೆ ಕಾಫಿ ಕೊಯ್ಲು: ಮೊದಲು ಅರೇಬಿಕಾ, ಅದರ ಬೆನ್ನಿಗೇ ರೋಬಸ್ಟಾ. ಸದಸ್ಯರೂ ಸಿಬ್ಬಂದಿಯೂ ತೋಟ ಮತ್ತು ಕಣದಲ್ಲಿರುತ್ತಾರೆ. ಜೂನ್‌ನಿಂದ ಆಗಸ್ಟ್‌ವರೆಗೆ ಮರ ಬಿದ್ದು ತಂತಿ ಹರಿದರೆ ಕರೆಂಟು ಎಂದು ಬರುತ್ತದೆಂದು ಹೇಳುವವರಿಲ್ಲ, ನೆಟ್‌ವರ್ಕೂ ಅದರ ಜೊತೆಗೆ ಹೋಗುತ್ತದೆ. ಏಪ್ರಿಲ್ 1ಕ್ಕೆ ಹೊಸ ವರ್ಷದ ಆರಂಭ ಶಿಲ್ಕು ಸಿಗುತ್ತದೆ, ಮಳೆಗೆ ಮುಂಚೆ ಎರಡು ತಿಂಗಳು ಉಳಿಯುತ್ತದೆ. ಮೇಲಿನಿಂದ ಬಂದ ಗಡುವು ಬೇರೆ ತಿಂಗಳಿನದಾಗಿದ್ದರೆ, ಈ ಕಾರಣಗಳನ್ನು ಬರೆದು ಮೇಲಧಿಕಾರಿಗಳಿಗೆ ಕಳುಹಿಸುವುದು ಆಡಳಿತ ಮಂಡಳಿಯ ಕರ್ತವ್ಯ. ಆ ಒತ್ತಡವನ್ನು ಸಿಬ್ಬಂದಿಯ ಮೇಲೆ ಇಳಿಸುವುದಲ್ಲ.

ಕಾರ್ಯದರ್ಶಿಯವರು ತಮ್ಮ ಪಾಸ್‌ವರ್ಡನ್ನು ಕಂಪ್ಯೂಟರ್ ಬಲ್ಲ ಕಿರಿಯ ಸಿಬ್ಬಂದಿಗೆ ಕೊಟ್ಟಿದ್ದಾರೆ. ಕೆಲಸ ಬೇಗ ಮುಗಿಯುತ್ತದಲ್ಲ, ತಪ್ಪೇನು?

ತಂತ್ರಾಂಶದಲ್ಲಿ ಒಬ್ಬರು ನಮೂದಿಸಬೇಕು, ಇನ್ನೊಬ್ಬರು ಪರಿಶೀಲಿಸಿ ಅನುಮೋದಿಸಬೇಕು. ಬ್ಯಾಂಕಿನವರು ಇದನ್ನು ಮೇಕರ್, ಚೆಕರ್ ಎನ್ನುತ್ತಾರೆ. ಎರಡೂ ಪಾಸ್‌ವರ್ಡ್ ಒಬ್ಬರ ಕೈಯಲ್ಲಿದ್ದರೆ ಪರಿಶೀಲನೆ ಎಂಬುದೇ ಇಲ್ಲದಾಗುತ್ತದೆ. ಮುಂದೆ ಏನಾದರೂ ಎಡವಟ್ಟಾದರೆ ಮೊದಲು ಸಿಕ್ಕಿಬೀಳುವವರು ಆ ಕಿರಿಯರು, ಕಾನೂನಿನ ಹೊಣೆ ಬರುವುದು ಕಾರ್ಯದರ್ಶಿಯವರ ಮೇಲೆ. ಇಷ್ಟು ದಿನ ಚೆನ್ನಾಗಿದ್ದ ಇಬ್ಬರ ನಡುವೆ ಶಾಶ್ವತ ವೈಮನಸ್ಯ ಬೆಳೆಯಲು ಇದಕ್ಕಿಂತ ಹೆಚ್ಚಿನದು ಬೇಕಿಲ್ಲ.

ಕರ್ನಾಟಕದ ಭೂಮಿ ಯೋಜನೆಯನ್ನು ಇಲ್ಲಿ ನೆನೆಯಬೇಕು. 2000ದ ಆಸುಪಾಸಿನಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳು ಸುಮಾರು 9,000 ಗ್ರಾಮ ಲೆಕ್ಕಿಗರ ಕೈಯಿಂದ ತಾಲ್ಲೂಕು ಕಚೇರಿಯ ಕಂಪ್ಯೂಟರಿಗೆ ಬಂದವು. ಅಲ್ಲಿ ನೌಕರರು ಬೆರಳಚ್ಚು ಕೊಟ್ಟೇ ಒಳಗೆ ಹೋಗಬೇಕಿತ್ತು. ಯಾರು ಏನು ಬದಲಾಯಿಸಿದರು ಎಂಬುದು ಉಳಿಯುತ್ತಿತ್ತು. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ವಿಲೇವಾರಿ ಮಾಡಬೇಕಿತ್ತು. ಗ್ರಾಮ ಲೆಕ್ಕಿಗರ ಅಧಿಕಾರ ಮೊಟಕಾಯಿತು ಎಂಬುದು ನಿಜ. ಆದರೆ ನಿಷ್ಠೆಯಿಂದ ದುಡಿಯುವ ನೌಕರರಿಗೆ ತಾವು ತಪ್ಪು ಮಾಡಿಲ್ಲವೆಂದು ತೋರಿಸಲು ಅದೇ ದಾಖಲೆ ರಕ್ಷಣೆಯೂ ಆಗುತ್ತದೆ. ಪಾಸ್‌ವರ್ಡಿನ ಬಗ್ಗೆ ಮಾತಾಡುವಾಗ ಅನುಮಾನದ ಭಾಷೆ ಬಿಟ್ಟು ರಕ್ಷಣೆಯ ಭಾಷೆ ಬಳಸಿ.

ನಿರ್ದೇಶಕರು ಎಲ್ಲ ಸದಸ್ಯರ ಸಾಲದ ವಿವರವನ್ನು ತಮ್ಮ ಮೊಬೈಲಿನಲ್ಲೇ ನೋಡಬೇಕೆನ್ನುತ್ತಾರೆ. ಕೊಡಬೇಕೇ?

ಬೇಡ. ಆಡಳಿತ ಮಂಡಳಿಗೆ ಬೇಕಾದದ್ದು ಒಟ್ಟು ಠೇವಣಿ, ಒಟ್ಟು ಸಾಲ, ಸುಸ್ತಿಯ (ಗಡುವು ಮೀರಿದ ಬಾಕಿಯ) ಪ್ರಮಾಣ, ಗೊಬ್ಬರದ ದಾಸ್ತಾನು. ಹೆಸರು ಸಮೇತ ಸುಸ್ತಿ ಪಟ್ಟಿ ಬೇಕಾದರೆ ಸಭೆಯ ಮುಂದೆ ಬರಲಿ, ಸಭೆಯಲ್ಲೇ ಉಳಿಯಲಿ. ಸದಸ್ಯರ ಮಾಹಿತಿಯ ಹೊಣೆ ಸಂಘದ್ದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಆಶಯವೂ ಅದೇ. ಕಾಯ್ದೆಯ ಮಾತು ಒತ್ತಟ್ಟಿಗಿರಲಿ, ಸಂಘದ ಚುನಾವಣೆ ಎದುರಿಗಿರುವಾಗ ಒಬ್ಬರ ಬಾಕಿ ಇನ್ನೊಬ್ಬರ ಮೊಬೈಲಿನಲ್ಲಿ ಓಡಾಡಿದರೆ ಆ ಊರಿನಲ್ಲಿ ಏನಾಗುತ್ತದೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಜಮ್ಮಾ ಭೂಮಿಯ ಸದಸ್ಯರ ವಿವರ ತಂತ್ರಾಂಶಕ್ಕೆ ಹೊಂದುತ್ತಿಲ್ಲ. ಸಿಬ್ಬಂದಿ ಮತ್ತು ಸದಸ್ಯರ ನಡುವೆ ದಿನವೂ ಮಾತಿಗೆ ಮಾತು ಬೆಳೆಯುತ್ತಿದೆ.

ತಂತ್ರಾಂಶವು ಒಂದು ಸರ್ವೆ ನಂಬರು, ಒಬ್ಬ ಮಾಲೀಕ, ಇಷ್ಟು ವಿಸ್ತೀರ್ಣ ಎಂದು ಎಣಿಸಿಕೊಂಡು ಕೂತಿರುತ್ತದೆ. ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಒಕ್ಕಕ್ಕೆ ಸೇರಿದ ಜಮ್ಮಾ ಹಿಡುವಳಿಯ ದಾಖಲೆ ಒಕ್ಕದ ಹಿರಿಯರಾದ ಪಟ್ಟೇದಾರರ ಹೆಸರಿನಲ್ಲಿ, ಒಕ್ಕದ ಇತರರ ಹೆಸರುಗಳೊಂದಿಗೆ ಇರುತ್ತದೆ. ಆ ಪಟ್ಟೇದಾರರು ತೀರಿಕೊಂಡು ದಶಕಗಳಾಗಿರುವುದೂ ಉಂಟು. ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಪಾಲು ಮಾಡಿಕೊಂಡು ಅವರವರ ತೋಟ ಅವರವರು ನೋಡಿಕೊಳ್ಳುತ್ತಿರುತ್ತಾರೆ. ಹೀಗಿರುವಾಗ "ಕಂಪ್ಯೂಟರ್ ತೆಗೆದುಕೊಳ್ಳುವುದಿಲ್ಲ" ಎಂದು ಕೌಂಟರಿನಲ್ಲಿ ಹೇಳಿದರೆ, ತಲೆಮಾರುಗಳಿಂದ ಆ ಮಣ್ಣಿನಲ್ಲಿ ದುಡಿದವರಿಗೆ "ನಿಮ್ಮ ಭೂಮಿ ನಿಮ್ಮದಲ್ಲ" ಎಂದಂತೆ ಕೇಳಿಸುತ್ತದೆ. ಕೋಪ ಬಂದರೆ ಆಶ್ಚರ್ಯವಿಲ್ಲ.

ಕೌಂಟರಿನ ಸಿಬ್ಬಂದಿಗೆ ಇದನ್ನು ಪರಿಹರಿಸುವ ಅಧಿಕಾರವಿಲ್ಲ. ಬೈಗುಳ ತಿನ್ನುವ ಸರದಿ ಮಾತ್ರ ಅವರದು. ಇಂಥ ಅರ್ಜಿಗಳನ್ನು ಪ್ರತ್ಯೇಕ ಪಟ್ಟಿ ಮಾಡಿ, ವಾರಕ್ಕೊಂದು ದಿನ ಕಾರ್ಯದರ್ಶಿ ಮತ್ತು ಒಬ್ಬ ನಿರ್ದೇಶಕರು ಕುಳಿತು, ಒಕ್ಕದವರನ್ನು ಕರೆಸಿ ಮಾತಾಡುವ ಪದ್ಧತಿ ಇಟ್ಟುಕೊಳ್ಳಿ. ತಂತ್ರಾಂಶದಲ್ಲಿ ಜಂಟಿ ಹಿಡುವಳಿಗೆ ಅವಕಾಶ ಬೇಕೆಂದು ಜಿಲ್ಲೆಯ ಸಂಘಗಳೆಲ್ಲ ಒಟ್ಟಾಗಿ ಬರೆದು ಕೇಳಬೇಕು. ಒಂದೊಂದು ಸಂಘ ಬಿಡಿಬಿಡಿಯಾಗಿ ಕೇಳಿದರೆ ಅದು ಸ್ಥಳೀಯ ಗೊಣಗಾಟದಂತೆ ಕಾಣುತ್ತದೆ.

ಗೊಬ್ಬರ ಕೊಡುವಾಗ ಯಂತ್ರ ಬೆರಳಚ್ಚು ಹಿಡಿಯುವುದಿಲ್ಲ, ಸದಸ್ಯರು ಸಿಬ್ಬಂದಿಯ ಮೇಲೆ ಕೂಗಾಡುತ್ತಾರೆ.

2018ರ ಹೊತ್ತಿಗೆ ಸಹಾಯಧನದ ಗೊಬ್ಬರವನ್ನು ದೇಶವಿಡೀ ಪಿಒಎಸ್ ಯಂತ್ರದ (ಬೆರಳಚ್ಚು ಪಡೆದು ಮಾರಾಟ ದಾಖಲಿಸುವ ಯಂತ್ರದ) ಮೂಲಕ ಮಾರುವ ವ್ಯವಸ್ಥೆ ಬಂತು. ಕೆಲಸದಲ್ಲಿ ಸವೆದ ಬೆರಳು, ಮಳೆಗೆ ನೆನೆದ ಕೈ ಯಂತ್ರಕ್ಕೆ ಸುಲಭವಾಗಿ ಸಿಗುವುದಿಲ್ಲ. ಒಂದು ಒಣ ಬಟ್ಟೆ, ಕುಳಿತುಕೊಳ್ಳಲು ಒಂದು ಬೆಂಚು, ಸರದಿಯ ಚೀಟಿ ಇಷ್ಟರಿಂದಲೇ ಅರ್ಧ ಕೂಗಾಟ ಕಡಿಮೆಯಾಗುತ್ತದೆ. ಯಂತ್ರ ಕೆಟ್ಟ ದಿನ ಹೊರಗೆ ಬಂದು ಸದಸ್ಯರಿಗೆ ವಿಷಯ ತಿಳಿಸಬೇಕಾದವರು ಕಾರ್ಯದರ್ಶಿ ಅಥವಾ ಅಧ್ಯಕ್ಷರು. ಗೋದಾಮಿನ ಹುಡುಗನನ್ನು ಮುಂದೆ ಬಿಡಬೇಡಿ.

ತಂತ್ರಾಂಶದವರು ಫೋನ್ ಎತ್ತುವುದಿಲ್ಲ. ಸಿಬ್ಬಂದಿ ನಮ್ಮನ್ನು ದೂರುತ್ತಾರೆ.

ದೂರುಗಳನ್ನೆಲ್ಲ ಒಬ್ಬರೇ ಬರಹದಲ್ಲಿ, ಪರದೆಯ ಚಿತ್ರದ ಸಮೇತ ಕಳುಹಿಸಲಿ; ದೂರಿನ ಸಂಖ್ಯೆ ಗೋಡೆಯ ಮೇಲೆ ಕಾಣುವಂತಿರಲಿ. ನಮ್ಮ ತೊಂದರೆಯನ್ನು ಮಂಡಳಿ ಎತ್ತಿಕೊಂಡಿದೆ ಎಂಬುದು ಕಣ್ಣಿಗೆ ಕಂಡರೆ ದೂರಿನ ದಿಕ್ಕು ಬದಲಾಗುತ್ತದೆ.

ಗಣಕೀಕರಣ ಮುಗಿದ ಮೇಲೆ ಹಳೆಯ ಲೆಡ್ಜರುಗಳನ್ನು ಏನು ಮಾಡಬೇಕು?

ಲೆಕ್ಕ ಪರಿಶೋಧನೆ ಮತ್ತು ಕಾನೂನಿನ ಅವಧಿ ಮುಗಿಯುವವರೆಗೆ ಇಡಲೇಬೇಕು. ಸಾಲಕ್ಕೆ, ಜಾಮೀನಿಗೆ ಸಂಬಂಧಪಟ್ಟವನ್ನು ಅನಂತರವೂ ಇಡುವುದು ಒಳ್ಳೆಯದು. ಜುಲೈ, ಆಗಸ್ಟ್ ಹೊತ್ತಿನ ಕಕ್ಕಡ ತಿಂಗಳ ಮಳೆಯಲ್ಲಿ ಕಾಗದಕ್ಕೆ ಬೂಷ್ಟು ಹಿಡಿಯಲು ಹದಿನೈದು ದಿನ ಸಾಕು. ನೆಲದಿಂದ ಒಂದಡಿ ಮೇಲಿರುವ, ಗೋಡೆಗೆ ತಾಗದ ಕಬ್ಬಿಣದ ಕಪಾಟಿನಲ್ಲಿಟ್ಟು, ಬಿಸಿಲು ಬಂದ ದಿನ ತೆರೆದು ಗಾಳಿಯಾಡಿಸಿ. ಕಪಾಟಿನ ಬೀಗದ ಕೈ ಆ ಪುಸ್ತಕಗಳನ್ನು ಬರೆದವರ ಬಳಿಯೇ ಇರಲಿ. ಅಂಚಿನ ಪೆನ್ಸಿಲ್ ಗುರುತುಗಳನ್ನು, ಅವರು ನಿವೃತ್ತರಾಗುವ ಮುಂಚೆ, ಅವರ ಪಕ್ಕದಲ್ಲಿ ಕುಳಿತು ಒಂದೊಂದಾಗಿ ಓದಿಸಿಕೊಂಡು, ತಂತ್ರಾಂಶದ ಷರಾ ಕಾಲಮ್ಮಿಗೆ ಬರೆದುಕೊಳ್ಳಿ.